ಶಂಕರ್ ನಾಗ್ ಹುಟ್ಟುಹಬ್ಬದ ವಿಡಿಯೊ ಮಸುಕಾಗಿದೆ, ಹೇಗೆ ಸರಿ ಮಾಡೋದು?

ಪ್ರಶ್ನೆ (ನವನಗರ, ಬಾಗಲಕೋಟೆ): ನಮಸ್ಕಾರ ಅಣ್ಣ. ನವೆಂಬರ್ 9 ಶಂಕರ್ ನಾಗ್ ಅವರ ಹುಟ್ಟುಹಬ್ಬ. ನಮ್ಮ ಆಟೋ ಸ್ಟ್ಯಾಂಡಿನಲ್ಲಿ ಎಲ್‌ಇಡಿ ಪರದೆ ಹಾಕಿಸುತ್ತಿದ್ದೇವೆ. ಅವರ ಸಿನಿಮಾ ತುಣುಕುಗಳನ್ನು ಒಂದು ಹಾಡಿಗೆ ಜೋಡಿಸಿದ್ದೇನೆ. ಕೆಲವು ವಾಟ್ಸಾಪ್‌ನಲ್ಲಿ ಬಂದವು, ಉಳಿದವು ಡಿವಿಡಿಯವು. ಫೋನಿನಲ್ಲಿ ಚೆನ್ನಾಗಿದೆ, ಟಿವಿಗೆ ಹಾಕಿದರೆ ಮಸುಕು. ಫೈಟಿಂಗ್‌ನಲ್ಲಿ ಕೈ ಬೀಸುವಾಗ ಅಡ್ಡಗೆರೆ ಬರುತ್ತವೆ. ಶಾರ್ಪ್‌ನೆಸ್ ಏರಿಸಿದೆ, ಇನ್ನೂ ಕೆಟ್ಟಿತು. 4ಕೆಯಲ್ಲಿ ಎಕ್ಸ್‌ಪೋರ್ಟ್ ಮಾಡಲಾ?

ಉತ್ತರ (ವಿಡಿಯೊ ಎಡಿಟರ್, ವಿಜಯಪುರ): ಬೇಡ ತಮ್ಮಾ. ಫೈಲ್ ದೊಡ್ಡದಾಗುತ್ತದೆ ಅಷ್ಟೇ, ಚಿತ್ರ ಸುಧಾರಿಸಲ್ಲ. ಮೊದಲು ವಾಟ್ಸಾಪ್ ತುಣುಕುಗಳನ್ನು ತೆಗೆದುಬಿಡಿ. ಅದೇ ದೃಶ್ಯ ಡಿವಿಡಿಯಲ್ಲಿದ್ದರೆ ಅಲ್ಲಿಂದ ತೆಗೆದುಕೊಳ್ಳಿ. ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಆ ಫೈಲ್ ಎಷ್ಟೋ ಸಲ ಕುಗ್ಗಿರುತ್ತದೆ. ಒಮ್ಮೆ ಹೋದ ವಿವರವನ್ನು ಯಾವ ಫಿಲ್ಟರ್ ಕೂಡ ವಾಪಸ್ ತರಲ್ಲ.

ಇನ್ನು ಗೆರೆ. ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತವೆ, ಅಲ್ವಾ? ಅವರ ಸಿನಿಮಾಗಳೆಲ್ಲ ರೀಲಿನಲ್ಲಿ ತೆಗೆದವು, ಸೆಕೆಂಡಿಗೆ 24 ಫ್ರೇಮ್. ನಮ್ಮಲ್ಲಿ ಸಿಗುವ ಎಷ್ಟೋ ಡಿವಿಡಿಗಳು ಎನ್‌ಟಿಎಸ್‌ಸಿ ಎಂಬ ಟಿವಿ ಮಾದರಿಯವು, ಅಂದರೆ ಚಿತ್ರ 720x480 ಚುಕ್ಕಿ, ಸೆಕೆಂಡಿಗೆ ಸುಮಾರು 30 ಫ್ರೇಮ್. 24ನ್ನು 30 ಮಾಡಲು ಒಂದು ಫ್ರೇಮಿನ ಅರ್ಧ ಗೆರೆಗಳನ್ನು ಪಕ್ಕದ ಫ್ರೇಮಿಗೆ ಬೆರೆಸುತ್ತಾರೆ. ಕೈ ಬೀಸುವ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿ. ಮೂರು ಫ್ರೇಮ್ ಸ್ವಚ್ಛ, ಎರಡರಲ್ಲಿ ಗೆರೆ, ಮತ್ತೆ ಮೂರು ಸ್ವಚ್ಛ. ಹೀಗಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಡಿಟೆಲಿಸಿನ್ (ಬೆರೆಸಿದ ಗೆರೆ ಬಿಡಿಸಿ ಮೂಲ ಫ್ರೇಮ್ ತರುವ ಆಯ್ಕೆ) ಆನ್ ಮಾಡಿ, ಫ್ರೇಮ್ ರೇಟ್ 23.976 (ಎನ್‌ಟಿಎಸ್‌ಸಿಯಲ್ಲಿ 24 ಅಂದರೆ ಇದೇ) ಕಾನ್‌ಸ್ಟಂಟ್, ಅಂದರೆ ಒಂದೇ ಸಮ ಇಡಿ. ಎಲ್ಲ ಫ್ರೇಮಿನಲ್ಲೂ ಗೆರೆ ಇದ್ದರೆ ಮಾತ್ರ ಡಿಇಂಟರ್‌ಲೇಸ್, ಅಂದರೆ ಪ್ರತಿ ಫ್ರೇಮಿನ ಗೆರೆಯನ್ನೂ ಅಳಿಸುವ ಆಯ್ಕೆ. ಈ ಕೆಲಸ ಸೈಜ್ ಬದಲಿಸುವ ಮೊದಲೇ ಆಗಬೇಕು. ಹಿಗ್ಗಿಸಿದ ಮೇಲೆ ಗೆರೆ ಚಿತ್ರದೊಳಗೆ ಕಲಸಿಹೋಗುತ್ತವೆ, ಆಮೇಲೆ ಬಿಡಿಸಲು ಆಗಲ್ಲ.

ಅದೇ ಸಾಫ್ಟ್‌ವೇರ್‌ನಲ್ಲಿ ಆರ್‌ಎಫ್ ಎಂಬ ಕ್ವಾಲಿಟಿ ನಂಬರ್ 16ರ ಹತ್ತಿರ ಇಡಿ. ನಂಬರ್ ಕಡಿಮೆ ಆದಷ್ಟೂ ಗುಣಮಟ್ಟ ಜಾಸ್ತಿ. ಎಡಿಟಿಂಗ್ ಪ್ರಾಜೆಕ್ಟ್ ಕೂಡ 23.976ರಲ್ಲೇ ಇರಲಿ. ಕೊನೆಗೆ ಒಂದೇ ಸಲ ಎಕ್ಸ್‌ಪೋರ್ಟ್ ಮಾಡಿ, 1080ಪಿ ಸಾಕು.

ಪ್ರಶ್ನೆ (ನವನಗರ): ಹೌದಣ್ಣ, ಮೂರು ಸ್ವಚ್ಛ, ಎರಡರಲ್ಲಿ ಗೆರೆ! ಡಿಟೆಲಿಸಿನ್ ಹಾಕಿದೆ, ಹೋದವು. ಆದರೆ ಅವರ ಮುಖ ಅಗಲ ಕಾಣುತ್ತದೆ. ಎಐ ಆ್ಯಪ್ ಹಾಕಿ ನೋಡಲಾ?

ಉತ್ತರ: ಮುಖ ಅಗಲ ಆಗಿದ್ದಕ್ಕೆ ಎಐ ಯಾಕೆ? ಹಳೆ ಟಿವಿಯ 4:3 ಅಳತೆಯ ಚಿತ್ರವನ್ನು ಈಗಿನ ಅಗಲ ಪರದೆಯ 16:9ಕ್ಕೆ ಎಳೆದಿದ್ದೀರಿ. ಮೂಲ ಅಳತೆಗೆ ತನ್ನಿ, ಎರಡೂ ಬದಿ ಕಪ್ಪು ಬಿಡಿ. ಸುಮ್ನೆ ತುಂಬಿಸಲು ಹೋಗಬೇಡಿ. ಎಐ ಬೇಕೆಂದರೆ ಬಹಳ ಕಡಿಮೆ ಇಡಿ. ಜಾಸ್ತಿಯಾದರೆ ಆ ಗಡ್ಡದ ಕೂದಲು ಅಳಿಸಿಹೋಗಿ ಬೇರೆ ಯಾರೋ ಆಗಿಬಿಡುತ್ತಾರೆ. ಅಭಿಮಾನದಿಂದ ಮಾಡುವ ವಿಡಿಯೊದಲ್ಲಿ ಅವರ ಮುಖವೇ ಹೋದರೆ ಏನು ಬಂತು? ಶಾರ್ಪ್‌ನೆಸ್ ಪೂರ್ತಿ ತೆಗೆಯಿರಿ. ಅಂಚಿನಲ್ಲಿ ಬಿಳಿ ಗೆರೆ ಬರುವುದು ಅದರಿಂದಲೇ.

ಪ್ರಶ್ನೆ (ಗೋಕಾಕ): ಸರ್, ಎಲ್‌ಇಡಿ ಪರದೆಗೆ 1080ಪಿ ಸಾಲುತ್ತಾ? ಅಷ್ಟು ದೊಡ್ಡದಿರುತ್ತದಲ್ಲ.

ಉತ್ತರ: ಧಾರಾಳ ಆಯ್ತು ಸರ್. ಪಿ4 ಪರದೆ ಅಂದರೆ ಚುಕ್ಕಿಗೆ ಚುಕ್ಕಿ 4 ಮಿ.ಮೀ. ದೂರ. 12 ಅಡಿ ಅಗಲದ ಪರದೆಯಲ್ಲಿ ಅಡ್ಡಕ್ಕೆ ಇರುವುದೇ ಸುಮಾರು 900 ಚುಕ್ಕಿ. 1080ಪಿಯಲ್ಲಿ ಅಡ್ಡಕ್ಕೆ 1920 ಇರುತ್ತವೆ. ದೂರದಿಂದ ನೋಡುವ ಪರದೆ ಅದು, ಡಿವಿಡಿ ತುಣುಕು ಕೂಡ ಚೆನ್ನಾಗಿಯೇ ಕಾಣುತ್ತದೆ.

ನವನಗರದ ತಮ್ಮಾ, ಫೈಲನ್ನು ಪರದೆಯವರಿಗೆ ಪೆನ್‌ಡ್ರೈವ್‌ನಲ್ಲೇ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಕುಗ್ಗಲ್ಲ. ಯೂಟ್ಯೂಬಿಗೆ ಹಾಕಿದರೆ ಹಾಡಿನ ಕಂಪನಿಯಿಂದ ಕಾಪಿರೈಟ್ ಕ್ಲೇಮ್ ಬರಬಹುದು, ಅದು ಗೊತ್ತಿರಲಿ. 8ನೇ ತಾರೀಖು ರಾತ್ರಿಯೇ ಪರದೆಯಲ್ಲಿ ಒಮ್ಮೆ ಓಡಿಸಿ ನೋಡಿ, ಬ್ರೈಟ್‌ನೆಸ್ ಇಳಿಸಲು ಹೇಳಿ. ಪೂರ್ತಿ ಏರಿಸಿಟ್ಟರೆ ಹಳೆ ಸಿನಿಮಾದಲ್ಲಿ ಮುಖ ಬೆಳ್ಳಗಾಗಿಬಿಡುತ್ತದೆ.