ಅಪ್‌ಡೇಟ್: ಛತ್ರದ ಡಿಜೆ ಕಾಟ ಕೊನೆಗೂ ನಿಂತಿತು

ಮನೆ ಹಿಂದಿನ ಕಲ್ಯಾಣ ಮಂಟಪದಲ್ಲಿ ರಾತ್ರಿ ಹನ್ನೆರಡಾದರೂ ಡಿಜೆ ನಿಲ್ಲಲ್ಲ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮ್ಯಾನೇಜರ್ ಹತ್ತಿರ ಮಾತಾಡಿದೆ. "ಪಾರ್ಟಿಯವರು ಕೇಳಲ್ಲ ಸಾರ್" ಅಂದರು, ಅಷ್ಟೇ. ಡೆಸಿಬೆಲ್ ಆ್ಯಪ್ ಕೂಡ ಉಪಯೋಗಕ್ಕೆ ಬರಲಿಲ್ಲ, ಒಂದೊಂದು ಫೋನು ಒಂದೊಂದು ಲೆಕ್ಕ ತೋರಿಸಿತು. 112ಕ್ಕೆ ಕರೆ ಮಾಡಿದ ರಾತ್ರಿ ಪೊಲೀಸರು ಬಂದು ನಿಲ್ಲಿಸಿದರು. ಮುಂದಿನ ಮದುವೆಗೆ ಮತ್ತೆ ಅದೇ ಕಥೆ.

ಕೆಲಸ ಮಾಡಿದ್ದು ಲಿಖಿತ ದೂರು. ಏಳು ರಾತ್ರಿಗಳ ತಾರೀಕು, ಸಮಯ ಬರೆದು, ಅಕ್ಕಪಕ್ಕದ ಹನ್ನೊಂದು ಮನೆಯವರ ಸಹಿ ಹಾಕಿಸಿ ಡಿವೈಎಸ್ಪಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಛತ್ರದವರನ್ನು ಕರೆಸಿ ಮಾತಾಡಿದರು. ಆಮೇಲೆ ಎರಡು ಮದುವೆ ಆಗಿವೆ, ಎರಡೂ ಸಲ ಹತ್ತಕ್ಕೆ ಬಂದ್. ಅಮ್ಮ ಈಗ ನೆಮ್ಮದಿಯಾಗಿ ಮಲಗುತ್ತಾರೆ.

ನನಗೆ ಗೊತ್ತೇ ಇರದ ವಿಷಯ ಒಂದಿದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ ಇದ್ದರೂ, ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಇಲ್ಲಿ ಸ್ಪೀಕರ್ ಇಟ್ಟಿದ್ದು ಹೊರಗಿನ ಹುಲ್ಲುಹಾಸಿನಲ್ಲಿ. ಅದರ ಫೋಟೋ ದೂರಿಗೆ ಸೇರಿಸಿದ್ದು ತುಂಬಾ ಒಳ್ಳೆಯದಾಯಿತು. ನೀವೂ ಸ್ಪೀಕರ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.