ಕೆರೆ ಏರಿಯ ಬೂದಿ

ಮುತ್ತಮ್ಮಾ, ನಿನ್ನ ಪ್ರಶ್ನೆ ಓದಿ ಎದೆ ಝಲ್ಲೆಂದಿತು. ಹಳೆಯ ಬೇಲಿ ಕಂಬಗಳನ್ನು ಆಳುಗಳು ಕೆರೆ ಏರಿಯ ಮೇಲೆ ಸುಟ್ಟರು, ಮಳೆಗೆ ಬೂದಿ ನೀರಿಗಿಳಿಯಿತು, ಆರ್ಸೆನಿಕ್ ಸೇರಿರಬಹುದೆ, ಕುದಿಸಿ ಕುಡಿದರೆ ಸಾಕೆ ಎಂದು ಕೇಳಿದ್ದೀಯೆ. ನನಗೆ ಮೊದಲು ನೆನಪಾದದ್ದು ಕೆಂಪಿ.

ಕೆಂಪಿ ಗೊತ್ತಲ್ಲ, ನಿನ್ನ ಅಜ್ಜಿಯ ಹಸು. ಹುತ್ತರಿ ಮುಗಿದಿತ್ತಷ್ಟೆ. ಗದ್ದೆ ಬದಿಯ ಮುರಿದ ಕಂಬಗಳನ್ನು ನಾನೇ ಬಚ್ಚಲ ಒಲೆಗೆ ಹಾಕಿಸಿದೆ. ಗೆದ್ದಲು ಹತ್ತದಂತೆ ಔಷಧಿ ಕುಡಿಸಿದ, ನಸುಹಸಿರು ಬಣ್ಣದ ಕಂಬಗಳು. ಆ ಔಷಧಿಯಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇರುತ್ತದೆ, ಹಳಬರು ಪಾಷಾಣ ಎನ್ನುವುದು ಅದನ್ನೇ. ಮರ ಉರಿದುಹೋದರೂ ಪಾಷಾಣದ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ಉಪ್ಪುಪ್ಪಾದ ಆ ಬೂದಿಯನ್ನು ಕೆಂಪಿ ನೆಕ್ಕಿತು. ಸಂಜೆಗೆ ಭೇದಿ, ಕಾಲುಗಳಲ್ಲಿ ನಡುಕ. ಬೆಳಗಾಗುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಸತ್ತಿತ್ತು, ಗಬ್ಬದ ಹಸು. ಪಶುವೈದ್ಯರು ಬೂದಿಗುಂಡಿ ನೋಡಿದವರೇ ‘ಏನು ಸುಟ್ಟಿರಿ?’ ಎಂದು ಕೇಳಿದರು. ಅವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಮೂರು ದಿನ ಊಟ ಬಿಟ್ಟರು. ಹಸಿರು ಕಂಬವನ್ನು ಸುಡಬೇಡಿ.

ಆ ಕೆರೆಯ ಹೂಳನ್ನು ಹಿಂದೆ ಪ್ರತಿ ಬೇಸಿಗೆಯಲ್ಲಿ ಒಕ್ಕದವರೆಲ್ಲ, ಅಂದರೆ ನಮ್ಮ ಮನೆತನದವರೆಲ್ಲ, ಸೇರಿ ತೆಗೆಯುತ್ತಿದ್ದೆವು. ಪಾಲಾದ ಮೇಲೆ ತೋಟ ಎಲ್ಲರಿಗೂ ಬೇಕಾಯಿತು, ಕೆರೆ ಯಾರಿಗೂ ಬೇಡವಾಯಿತು. ಕೇಳಿದರೆ ಬೆಂಗಳೂರಿನಿಂದ ಫೋನಿನಲ್ಲೇ ‘ನೋಡೋಣ ದೊಡ್ಡಪ್ಪ’ ಎನ್ನುತ್ತೀರಿ. ಹನ್ನೊಂದು ವರ್ಷದಿಂದ ನೋಡುತ್ತಲೇ ಇದ್ದೀರಿ. ಆರ್ಸೆನಿಕ್ ಕೆಸರಿನಲ್ಲಿರುವ ಕಬ್ಬಿಣಕ್ಕೆ ಅಂಟಿ ತಳದಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಕೊಳೆತ ಹೂಳು ಆಮ್ಲಜನಕವನ್ನೆಲ್ಲ ತಿಂದುಬಿಟ್ಟರೆ ಕಬ್ಬಿಣ ಕರಗಿ, ಆರ್ಸೆನಿಕ್ ಮತ್ತೆ ನೀರಿಗೆ ಬರುತ್ತದೆ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಎಲ್ಲರೂ ಕೇಳಿ: ಹಸಿರು ಕಂಬವನ್ನು ಸುಡಬೇಡಿ, ಒಲೆಯಲ್ಲೂ ಬೇಡ, ಏರಿಯಲ್ಲೂ ಬೇಡ.

ಅಯ್ಯೋ, ನೀನು ಕೇಳಿದ್ದಕ್ಕೇ ಉತ್ತರ ಕೊಡಲಿಲ್ಲ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ ಮಗಳೇ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯುವುದಿಲ್ಲ. ನಾಳೆಯೇ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸು, ಆರ್ಸೆನಿಕ್ ನೋಡಿ ಎಂದು ಬಾಯಿಬಿಟ್ಟು ಹೇಳು. ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ನಮ್ಮ ಮನೆಯ ಬಾವಿಯಿಂದ ನೀರು ತೆಗೆದುಕೊಂಡು ಹೋಗು. ಏರಿಯ ಮೇಲೆ ಉಳಿದಿರುವ ಬೂದಿಗೆ ಇವತ್ತೇ ಟಾರ್ಪಾಲು ಮುಚ್ಚಿಸು, ಬರಿಗೈಯಲ್ಲಿ ಯಾರೂ ಮುಟ್ಟಬಾರದು. ಹಸುಗಳನ್ನು ಆ ಕಡೆ ಬಿಡಬೇಡ.