ದಿನವಿಡೀ ನುಡಿಯಲ್ಲಿ ಬೆರಳಚ್ಚು ಮಾಡುವವರಿಗೆ ಯಾವ ಮೆಕ್ಯಾನಿಕಲ್ ಕೀಬೋರ್ಡ್ ಸೂಕ್ತ?

ಪ್ರಶ್ನೆ: ಬೆರಳಚ್ಚುಗಾರ್ತಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ದಸ್ತಾವೇಜು ಬರಹಗಾರರೊಬ್ಬರ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ನುಡಿ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದೇನೆ. ದಿನಕ್ಕೆ 25 ಪುಟಗಳಿಗೆ ಕಡಿಮೆಯಿಲ್ಲ. ಕಚೇರಿಯಲ್ಲಿ ಕೊಡುವ ಸಾಧಾರಣ ಕೀಬೋರ್ಡುಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೈಕೊಡುತ್ತವೆ. ಈಗಿರುವುದರಲ್ಲಿ ಎಡಗಡೆಯ ಶಿಫ್ಟ್ ಒತ್ತಿದರೆ ಮೇಲೇಳಲು ತಡಮಾಡುತ್ತದೆ. ಎಫ್ ಕೀಲಿಯನ್ನು ಗುದ್ದಿ ಒತ್ತದಿದ್ದರೆ ಒತ್ತಕ್ಷರವೇ ಮೂಡುವುದಿಲ್ಲ. ಕಳೆದ ವಾರ ಪತ್ರವೊಂದರಲ್ಲಿ ‘ಹಳ್ಳಿ’ ಎಂಬುದು ‘ಹಳಳಿ’ ಎಂದೇ ಉಳಿದುಬಿಟ್ಟಿತ್ತು. ನೋಂದಣಿಗೆ ಹೊರಡುವ ಮುನ್ನ ಕಕ್ಷಿದಾರರೇ ಅದನ್ನು ಬೆರಳಿಟ್ಟು ತೋರಿಸಿದಾಗ ನನಗೆ ಬಹಳ ಸಂಕಟವಾಯಿತು.

ಸ್ವಂತ ಹಣದಲ್ಲಿ, ಸುಮಾರು ₹5,000ದೊಳಗೆ, ಬಾಳಿಕೆ ಬರುವ ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳಬೇಕೆಂದಿದ್ದೇನೆ. ಎದುರಿಗೆ ಕುಳಿತವರ ಮಾತು ಕೇಳಿಸಿಕೊಂಡು ಬೆರಳಚ್ಚು ಮಾಡಬೇಕಾದ್ದರಿಂದ ಸದ್ದು ಹೆಚ್ಚಿರಬಾರದು. ಸರ್ವೆ ನಂಬರು, ವಿಸ್ತೀರ್ಣ, ಮೊಬಲಗುಗಳಿಗಾಗಿ ಬಲಗಡೆಯ ಅಂಕಿಗಳ ಸಾಲು ಇರಲೇಬೇಕು. ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತದೆ ಎಂಬುದನ್ನೂ ಗಮನಿಸಿ ದಯವಿಟ್ಟು ಸಲಹೆ ಕೊಡಿ.

ಉತ್ತರ: ಡಿಟಿಪಿ ಕೆಲಸಗಾರ, ಹಾಸನ

ಮೇಡಂ, ನಿಮ್ಮ ಶಿಫ್ಟ್ ಮತ್ತು ಎಫ್ ಕೀಲಿಗಳೇ ಮೊದಲು ಸೋತದ್ದು ಆಕಸ್ಮಿಕವಲ್ಲ. ನುಡಿಯಲ್ಲಿ ಬಳಸುವ, ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ‘ಹಳ್ಳಿ’ ಎಂದು ಬರೆಯಲು ಎಚ್, ಶಿಫ್ಟ್ ಹಿಡಿದು ಎಲ್, ಎಫ್, ಮತ್ತೆ ಶಿಫ್ಟ್ ಹಿಡಿದು ಎಲ್, ಕೊನೆಗೆ ಐ ಒತ್ತಬೇಕು. ಳಕಾರ, ಣಕಾರ, ಅನುಸ್ವಾರ, ದೀರ್ಘಸ್ವರಗಳು, ಮಹಾಪ್ರಾಣಗಳು ಎಲ್ಲಕ್ಕೂ ಶಿಫ್ಟ್ ಬೇಕು. ಪ್ರತಿಯೊಂದು ಒತ್ತಕ್ಷರಕ್ಕೂ ಎಫ್ ಬೇಕು. ಇಂಗ್ಲಿಷ್ ಬೆರಳಚ್ಚು ಮಾಡುವವರು ಬರೆದ ಸಲಹೆಗಳಲ್ಲಿ ಈ ಎರಡು ಕೀಲಿಗಳ ಮಾತೇ ಬರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಮೊದಲು ಶಿಫ್ಟಿನ ಎರಡು ತುದಿಗಳನ್ನೂ ಬೇರೆ ಬೇರೆಯಾಗಿ ಒತ್ತಿ ನೋಡಿ. ಅಗಲದ ಕೀಲಿಯ ಅಡಿಯಲ್ಲಿ ಸ್ಟೆಬಿಲೈಸರ್ ಎಂಬ ತಂತಿಯ ಆಧಾರವಿರುತ್ತದೆ. ಅದು ಸಡಿಲವಾಗಿದ್ದರೆ ತುದಿಯಲ್ಲಿ ಒತ್ತಿದಾಗ ಕೀಲಿ ಓರೆಯಾಗಿ ಗಲಗಲ ಎನ್ನುತ್ತದೆ. ಅಂಥದ್ದು ಬೇಡ.

ಮೆಕ್ಯಾನಿಕಲ್ ಕೀಬೋರ್ಡಿನ ಪ್ರತಿ ಕೀಲಿಯ ಅಡಿಯಲ್ಲೂ ಇರುವ ಸ್ವಿಚ್ಚುಗಳಲ್ಲಿ, ಬಣ್ಣದಿಂದ ಗುರುತಿಸುವ ಮುಖ್ಯವಾದ ಮೂರು ಬಗೆ. ನೀಲಿಯದು ಪ್ರತಿ ಒತ್ತಿಗೂ ಕಟಕಟ ಎನ್ನುತ್ತದೆ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಸದ್ದು ಕೇಳಿದ್ದರೆ ನಿಮಗೆ ಅದು ಗೊತ್ತಿರುತ್ತದೆ. ಗಟ್ಟಿಮುಟ್ಟಾದದ್ದೇ, ಆದರೆ ನಿಮ್ಮ ಕಚೇರಿಗೆ ಹೊಂದುವುದಿಲ್ಲ. ಕೆಂಪು ಬಣ್ಣದ್ದು ತಡೆಯಿಲ್ಲದೆ ನುಣುಪಾಗಿ ಇಳಿಯುತ್ತದೆ. ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚಿಗೆ ಸುಮಾರು 45 ಗ್ರಾಂ ಭಾರ ಸಾಕು. ಕಂದು ಬಣ್ಣದ್ದರಲ್ಲಿ ಸುಮಾರು 55 ಗ್ರಾಂ ಭಾರಕ್ಕೆ ನಡುದಾರಿಯಲ್ಲಿ ಸಣ್ಣದೊಂದು ಉಬ್ಬು ಬೆರಳಿಗೆ ತಾಕುತ್ತದೆ. ನಾನು ಕಂದು ಸ್ವಿಚ್ಚನ್ನೇ ಹೇಳುತ್ತೇನೆ. ಕೀಲಿ 4 ಮಿ.ಮೀ. ಇಳಿಯುತ್ತದೆಯಾದರೂ 2 ಮಿ.ಮೀ.ಗೇ ಅಕ್ಷರ ಮೂಡಿರುತ್ತದೆ, ಆ ಉಬ್ಬು ಅದನ್ನು ಬೆರಳಿಗೆ ತಿಳಿಸುತ್ತದೆ. ಗುದ್ದಿ ಒತ್ತುವ ಅಭ್ಯಾಸ ನನಗೆ ಒಂದು ತಿಂಗಳಲ್ಲಿ ಬಿಟ್ಟುಹೋಯಿತು.

ಇನ್ನು ಕೀಲಿಯ ಟೊಪ್ಪಿಗೆಗಳು ಪಿಬಿಟಿ ಪ್ಲಾಸ್ಟಿಕ್ಕಿನವಾಗಿರಲಿ. ಎಬಿಎಸ್‌ನವು ಬೆರಳಿನ ಜಿಡ್ಡಿಗೆ ಬೇಗ ಹೊಳಪೇರಿ ಜಾರತೊಡಗುತ್ತವೆ.

ಉತ್ತರ: ಕಂಪ್ಯೂಟರ್ ರಿಪೇರಿ, ಸಕಲೇಶಪುರ

ಮೇಲಿನವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಪುಟಕ್ಕೆ 100 ಒತ್ತಕ್ಷರವೆಂದರೆ 25 ಪುಟಕ್ಕೆ ಎಫ್ ಕೀಲಿಗೆ 2,500 ಒತ್ತು. ವರ್ಷಕ್ಕೆ 300 ದಿನ ಹಿಡಿದರೆ ಏಳೂವರೆ ಲಕ್ಷ. ಕೀಲಿಗಳ ಅಡಿಯಲ್ಲಿ ರಬ್ಬರು ಗುಮ್ಮಟಗಳಿರುವ ಸಾಧಾರಣ ಕೀಬೋರ್ಡಿಗೆ ಐವತ್ತು ಲಕ್ಷ ಒತ್ತಿನ ಆಯುಸ್ಸು ಎಂದರೂ ಆರೇಳು ವರ್ಷ ಬರಬೇಕಿತ್ತು. ಎರಡು ಮಳೆಗಾಲಕ್ಕೇ ಕೆಟ್ಟಿದೆಯೆಂದರೆ ಅದನ್ನು ಕೆಡಿಸಿದ್ದು ನಿಮ್ಮ ಬೆರಳಲ್ಲ, ತೇವ. ಅಂಥವನ್ನು ಬಿಚ್ಚಿದಾಗಲೆಲ್ಲ ನಾನು ಕಾಣುವುದು ಒಂದೇ: ಒಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ವಿದ್ಯುತ್ ಹರಿಯಲೆಂದು ಎಳೆದ ತೆಳು ಗೆರೆಗಳು ಅಲ್ಲಲ್ಲಿ ಕಪ್ಪಾಗಿ ತುಂಡಾಗಿರುತ್ತವೆ. ಅದಕ್ಕೆ ರಿಪೇರಿಯೇ ಇಲ್ಲ.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ಬೇರೆ ಸ್ವಿಚ್ಚು. ಚೆರ್ರಿಯವರು ಕೆಂಪು ಮತ್ತು ಕಂದು ಸ್ವಿಚ್ಚುಗಳಿಗೆ 10 ಕೋಟಿ ಒತ್ತಿನ ಭರವಸೆ ಕೊಡುತ್ತಾರೆ. ಆದರೂ ಮಲೆನಾಡಿನ ಹವೆಯಲ್ಲಿ ಒಂದೆರಡು ಸ್ವಿಚ್ಚು ಒಮ್ಮೆ ಒತ್ತಿದರೆ ಎರಡು ಅಕ್ಷರ ಮೂಡಿಸುವುದುಂಟು. ಹಾಗಾಗಿ ಹಾಟ್‌ಸ್ವ್ಯಾಪ್ ಇರುವುದನ್ನೇ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಅದರಲ್ಲಿ ಬೆಸುಗೆಯ ಕೆಲಸವಿಲ್ಲ. ಕೆಟ್ಟ ಸ್ವಿಚ್ಚನ್ನು ಚಿಮುಟದಿಂದ ನೆಟ್ಟಗೆ ಮೇಲಕ್ಕೆಳೆದು, ಹೊಸದರ ಕಾಲುಗಳು ಮಡಚದಂತೆ ನೇರವಾಗಿ ಕೂರಿಸಿದರೆ ಮುಗಿಯಿತು. ರಾತ್ರಿ ಮೇಲೊಂದು ಬಟ್ಟೆ ಹೊದಿಸಿ.

ಉತ್ತರ: ನಿವೃತ್ತ ಶೀಘ್ರಲಿಪಿಗಾರ, ಬೇಲೂರು

ತಾಯಿ, ಮಣಿಕಟ್ಟಿನ ನೋವಿಗೆ ಕೀಬೋರ್ಡಿಗಿಂತ ಮೊದಲು ಮೇಜನ್ನು ಅಳೆಯಿರಿ. ನಮ್ಮ ಕಾಲದಲ್ಲಿ ಬೆರಳಚ್ಚು ಯಂತ್ರಕ್ಕೆಂದೇ ಮಾಡಿಸುತ್ತಿದ್ದ ಮೇಜು ಬರೆಯುವ ಮೇಜಿಗಿಂತ ಮೂರ್ನಾಲ್ಕು ಇಂಚು ತಗ್ಗಾಗಿರುತ್ತಿತ್ತು. ಈಗ ಎಲ್ಲರೂ ಬರೆಯುವ ಮೇಜಿನ ಮೇಲೆಯೇ ಕೀಬೋರ್ಡ್ ಇಟ್ಟು ಭುಜ ಎತ್ತಿ ದುಡಿಯುತ್ತಾರೆ. ಮೆಕ್ಯಾನಿಕಲ್ ಕೀಬೋರ್ಡ್ ಇನ್ನೂ ದಪ್ಪ. ಮೊಣಕೈ ಮತ್ತು ಬೆರಳು ಒಂದೇ ಮಟ್ಟಕ್ಕೆ ಬರಲಿ, ಹಿಂಬದಿಯ ಮಡಚುಕಾಲುಗಳನ್ನು ಎತ್ತಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಜು ಅಳೆದೆ, ಸರಿಯಾಗಿ 30 ಇಂಚು ಇದೆ. ಅಡಿಗೆ ಎಳೆಯುವ ಹಲಗೆಯೊಂದನ್ನು ಕೂರಿಸಲು ಬಡಗಿಯವರಿಗೆ ಹೇಳಿದ್ದೇನೆ. 104 ಕೀಲಿಗಳ, ಕಂದು ಸ್ವಿಚ್ಚಿನ, ಹಾಟ್‌ಸ್ವ್ಯಾಪ್ ಕೀಬೋರ್ಡನ್ನೇ ಕೊಳ್ಳುತ್ತೇನೆ. ಸಕಲೇಶಪುರದ ಸರ್, ಬಿಡಿ ಸ್ವಿಚ್ಚುಗಳಲ್ಲಿ ಮೂರು ಕಾಲಿನವು, ಐದು ಕಾಲಿನವು ಎಂದು ಕಂಡಿತು. ಯಾವುದನ್ನು ತರಿಸಲಿ?

ಉತ್ತರ: ಕಂಪ್ಯೂಟರ್ ರಿಪೇರಿ, ಸಕಲೇಶಪುರ

ಕೀಬೋರ್ಡಿನ ವಿವರದಲ್ಲಿ ಐದು ಕಾಲಿನದು ಎಂದಿದ್ದರೆ ಎರಡೂ ಕೂರುತ್ತವೆ. ಮೂರು ಕಾಲಿನದು ಎಂದಿದ್ದರೆ ಮೂರರದನ್ನೇ ತರಿಸಿ. ಕೈಯಲ್ಲಿ ಐದರದೇ ಇದ್ದರೆ ಪಕ್ಕದ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರುಕತ್ತರಿಯಿಂದ ಕತ್ತರಿಸಿ ಹಾಕಬಹುದು, ಲೋಹದವನ್ನು ಮಾತ್ರ ಮುಟ್ಟಬೇಡಿ. ಹತ್ತು ಸ್ವಿಚ್ಚು ತರಿಸಿಟ್ಟುಕೊಂಡರೆ ಎಫ್, ಶಿಫ್ಟ್, ಸ್ಪೇಸ್ ಕೀಲಿಗಳಿಗೆ ಬಹಳ ವರ್ಷ ಆಗುತ್ತದೆ.